ಬಲ ಅಂಚಿನ ಎಳೆಗಳು

ಗುಳೇದಗುಡ್ಡದಿಂದ ಬಂದ ಕುಪ್ಪಸದ ಖಣದ ತುಂಡನ್ನು ಆಫ್ರೀನ ಕಿಟಕಿಯ ಬೆಳಕಿಗೆ ಹಿಡಿದಳು. ಬಲ ಅಂಚಿನ ಹೂವಿನ ನಡುವೆ ಒಂದು ಗೆರೆ ಕೆಟ್ಟಿತ್ತು. ಅಲ್ಲಿಂದ ಮುಂದೆ ಗೇಣುಗಟ್ಟಲೆ ನೇಯ್ಗೆ ನೆಟ್ಟಗೆ ಸಾಗಿ, ಮತ್ತೆ ಅದೇ ಅಂಚಿನಲ್ಲಿ ಇನ್ನೊಂದು ಗೆರೆ ಕೆಟ್ಟಿತ್ತು.

ಇಳಕಲ್ಲಿನಲ್ಲಿ ಶಂಕರಲಿಂಗ ನಡೆಸುವ ಸಣ್ಣ ಕಾರ್ಖಾನೆಯಲ್ಲಿ ಅವಳ ಕೆಲಸ. ವಿದ್ಯುತ್ ಮಗ್ಗಗಳಿಗೆ ಕೂರಿಸುವ ಡಬ್ಬಿಗಳನ್ನು ಅಲ್ಲಿ ಮಾಡುತ್ತಾರೆ. ಮೆಮೊರಿ ಕಾರ್ಡಿನಲ್ಲಿರುವ ವಿನ್ಯಾಸವನ್ನು ಓದಿ, ಹಾಸಿನ ಯಾವ ಎಳೆ ಏಳಬೇಕು, ಯಾವುದು ಕೂಡಬೇಕು ಎಂದು ಮಗ್ಗಕ್ಕೆ ಹೇಳುವುದು ಆ ಡಬ್ಬಿ. ಈ ವರ್ಷ ಅದರೊಳಗಿನ ಚಿಪ್ ಬದಲಾಗಿತ್ತು. ಹೊಸ ಚಿಪ್ಪಿಗೆ ಹೊಂದುವಂತೆ, ಡಬ್ಬಿಯ ಮೂಲ ತಂತ್ರಾಂಶವಾದ ಕರ್ನಲ್‌ನೊಳಗಿನ ಕಾರ್ಡ್ ಓದುವ ಭಾಗವನ್ನು ಶಂಕರಲಿಂಗ ತಾನೇ ಕೂತು ಬರೆದಿದ್ದ.

"ನಮ್ಮ ತಪ್ಪೇನೂ ಅಲ್ಲದು," ಎಂದ ಆತ, ತುಂಡಿನತ್ತ ನೋಡದೆ. "ಆ ಮಗ್ಗದ ಮ್ಯಾಲೆ ಅಂದಪ್ಪ ಅಂತ ಒಬ್ಬಾವ ಇದ್ದ. ನಡುನಡುವ ಮಗ್ಗ ನಿಲ್ಲಿಸೂ ಬಟನ್ ಒತ್ತತಿದ್ದ. ನಾ ಮಗ್ಗದ ಮಾಲಕಿ ಗುರುಲಿಂಗವ್ವಗ ಹೇಳೀನಿ."

"ಅವ್ರು ಏನಂದ್ರು, ಸರ?"

"ಅವನ್ನ ಕೆಲಸ ಬಿಡಿಸ್ಯಾಳಂತ. ಹೊಸಾಬ ಸಿಗೂತನಕ ಮಗ್ಗ ಬಂದ್ ಇಟ್ಟಾಳ."

ಆಫ್ರೀನ ಮತ್ತೆ ತುಂಡಿನತ್ತ ಬಾಗಿದಳು. ಬಟನ್ ಒತ್ತಿ ಕೆಡಿಸಿದ್ದರೆ ಗೆರೆ ಈ ತುದಿಯಿಂದ ಆ ತುದಿಯವರೆಗೂ ಕೆಡಬೇಕಿತ್ತು. ಇಲ್ಲಿ ಎಡಗಡೆ, ನಡುವೆ ಎಲ್ಲ ಸರಿಯಿತ್ತು. ಕೆಟ್ಟದ್ದು ಬಲಗಡೆಯ ಕೊನೆ ಮಾತ್ರ. ವಿನ್ಯಾಸದ ಫೈಲನ್ನು ಪರದೆಯ ಮೇಲೆ ತೆರೆದು, ಸೂಜಿಯಿಂದ ಎಳೆ ಎಣಿಸುತ್ತ ಅವಳು ಎರಡನ್ನೂ ತಾಳೆ ನೋಡಿದಳು. ತಪ್ಪಿದ ಎಳೆಗಳು ಮನಬಂದಂತೆ ತಪ್ಪಿರಲಿಲ್ಲ. ಒಂದು ಗೇಣು ಹಿಂದೆ ನೇಯ್ದಿದ್ದ ಗೆರೆಯ ಎಳೆಗಳೇ ಅಲ್ಲಿ ಮತ್ತೊಮ್ಮೆ ಬಂದು ಕೂತಿದ್ದವು. ಡಬ್ಬಿ ಕಂತುಕಂತಾಗಿ ಓದುವ ವಿನ್ಯಾಸದ ಹೊಸ ಕಂತನ್ನು ಓದಿದ ಮೇಲೂ ಅದರ ಬಾಲದಲ್ಲಿ ಹಳೆಯ ಕಂತಿನ ಚೂರು ಉಳಿಯುತ್ತಿತ್ತು.

ಅದೇ ಕಾರ್ಡನ್ನು ಕಾರ್ಖಾನೆಯ ಮೇಜಿನ ಮೇಲಿನ ಡಬ್ಬಿಗೆ ಹಾಕಿ ಇಡೀ ದಿನ ಓಡಿಸಿದಳು. ಒಂದು ತಪ್ಪೂ ಬರಲಿಲ್ಲ. ಶಂಕರಲಿಂಗ ಹಾಯ್ದು ಹೋಗುವಾಗ ಹುಬ್ಬು ಹಾರಿಸಿ ನಕ್ಕ. ಮರುದಿನ ಅವಳಿಗೆ ಹೊಳೆದದ್ದು, ಮೇಜಿನ ಮೇಲಿನ ಡಬ್ಬಿಗೆ ಮಗ್ಗವೇ ಇಲ್ಲವೆಂಬುದು. ಮಗ್ಗ ಓಡುವಾಗ ಅಡ್ಡಡ್ಡ ಹಾಯುವ ಹೊಕ್ಕಿನ ಎಳೆ ದಾಟಿದಂತೆಲ್ಲ ಡಬ್ಬಿಯೊಳಗಿನ ಒಂದು ಎಣಿಕೆ ಏರುತ್ತದೆ. ಇಲ್ಲಿ ಅದು ಸೊನ್ನೆಯಲ್ಲೇ ಕೂತಿತ್ತು. ಮೂಲೆಯಲ್ಲಿ ಬಿದ್ದಿದ್ದ ಸಣ್ಣ ಮೋಟರೊಂದಕ್ಕೆ ಸೆನ್ಸರ್ ಕಟ್ಟಿ, ಮಗ್ಗ ಓಡುತ್ತಿದೆ ಎಂದು ಡಬ್ಬಿ ನಂಬುವಂತೆ ಮಾಡಿದಳು. ಚಹಾ ಕುಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಬಲ ಅಂಚು ಕೆಟ್ಟಿತ್ತು.

ಆಮೇಲೆ ಕೋಡ್ ಓದುವುದಷ್ಟೇ ಉಳಿದಿತ್ತು. ಕಾರ್ಡಿನಿಂದ ಬರುವ ವಿನ್ಯಾಸ ಪ್ರೊಸೆಸರನ್ನು ಕೇಳದೆ ನೇರವಾಗಿ ಮೆಮೊರಿಗೆ ಇಳಿಯುತ್ತದೆ. ಪ್ರೊಸೆಸರೋ, ತಾನು ಮುಟ್ಟಿದ ಮೆಮೊರಿಯ ನಕಲನ್ನು ತನ್ನ ಪಕ್ಕದ ಕ್ಯಾಶ್ ಎಂಬ ಪುಟ್ಟ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಒಂದೊಂದೇ ಬೈಟ್ ಅಲ್ಲ, ಅರವತ್ನಾಲ್ಕು ಬೈಟಿನ ಇಡೀ ಪಟ್ಟಿ. ಶಂಕರಲಿಂಗ ವಿನ್ಯಾಸಕ್ಕೆ ಕಾದಿಟ್ಟ ಜಾಗ ಒಂದು ಪಟ್ಟಿಯ ನಡುವೆ ಮುಗಿಯುತ್ತಿತ್ತು. ಅದೇ ಪಟ್ಟಿಯ ಉಳಿದ ಜಾಗದಲ್ಲಿ ಹೊಕ್ಕಿನ ಎಣಿಕೆ ಇತ್ತು. ಕಾರ್ಡಿನಿಂದ ಹೊಸ ಕಂತು ಇಳಿಯುತ್ತಿರುವಾಗಲೇ ಎಣಿಕೆ ಏರಿದರೆ, ಪ್ರೊಸೆಸರ್ ತನ್ನ ಹಳೆಯ ನಕಲಿನಲ್ಲಿ ಆ ಒಂದು ಅಂಕಿಯನ್ನು ತಿದ್ದಿ ಇಡೀ ಪಟ್ಟಿಯನ್ನು ಮೆಮೊರಿಗೆ ಮರಳಿಸುತ್ತಿತ್ತು. ಆಗತಾನೇ ಇಳಿದ ಎಳೆಗಳು ಅದರಡಿ ಅಳಿಸಿಹೋಗುತ್ತಿದ್ದವು. ಹಳೆಯ ಚಿಪ್ ಇಂಥದನ್ನೆಲ್ಲ ತಾನೇ ಸಂಭಾಳಿಸುತ್ತಿತ್ತು. ಹೊಸದು ಆ ಹೊಣೆಯನ್ನು ಬರೆಯುವವರಿಗೇ ಬಿಟ್ಟಿತ್ತು.

ಶಂಕರಲಿಂಗ ಅವಳ ಹಿಂದೆ ನಿಂತು ಪರದೆ ನೋಡಿದ.

"ನಡುವ ಚೂರು ಡಿಲೇ ಹಾಕಿಬಿಡು," ಎಂದ.

"ಡಿಲೇ ಹಾಕಿದ್ರ ತಪ್ಪು ಅಪರೂಪಕ್ಕ ಬರ್ತದ, ಸರ. ನಿಂದ್ರಂಗಿಲ್ಲ."

ಅವಳು ವಿನ್ಯಾಸಕ್ಕೆ ಪ್ರತ್ಯೇಕ ಜಾಗ ಮಾಡಿದಳು. ಅದು ಪಟ್ಟಿಯ ಮೊದಲಿಗೇ ಶುರುವಾಗಿ ಪಟ್ಟಿಯ ಕೊನೆಗೇ ಮುಗಿಯುವಂತೆ ನೋಡಿಕೊಂಡಳು. ಆ ಜಾಗ ಯಾವಾಗ ಕಾರ್ಡಿನದು, ಯಾವಾಗ ಪ್ರೊಸೆಸರಿನದು ಎಂದು ಕರ್ನಲ್‌ಗೆ ತಿಳಿಸುವ ಸಾಲುಗಳನ್ನೂ ಸೇರಿಸಿದಳು. ಮೋಟರ್ ಎರಡು ದಿನ ತಿರುಗಿತು. ಅಂಚು ಕೆಡಲಿಲ್ಲ.

"ಹೊಸ ವರ್ಷನ್ ಅಂತ ಹೇಳಿ ಹಾಕಿ ಬಾ," ಎಂದ ಶಂಕರಲಿಂಗ. "ಬ್ಯಾರೇನೂ ಹೇಳಾಕ ಹೋಗಬ್ಯಾಡ."

ಆಫ್ರೀನ ಹುನಗುಂದದಲ್ಲಿ ಬಸ್ಸು ಬದಲಿಸಿ ಗುಳೇದಗುಡ್ಡಕ್ಕೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅವಳು ಯೋಚಿಸಲಿಲ್ಲ. ಗುರುಲಿಂಗವ್ವನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಳೆಯ ಡಬ್ಬಿಯ ಮೂರು ಮಗ್ಗ ಓಡುತ್ತಿದ್ದವು, ಹೊಸ ಡಬ್ಬಿಯ ಒಂದು ನಿಂತಿತ್ತು. ನಿಂತದ್ದರ ಡಬ್ಬಿಗೆ ಹೊಸ ಪ್ರೋಗ್ರಾಂ ಹಾಕಿದ ಮೇಲೆ ಗುರುಲಿಂಗವ್ವ ತಾನೇ ಅದನ್ನು ಚಾಲೂ ಮಾಡಿದಳು. ಮೊಳದ ಮೇಲೆ ಮೊಳ ಖಣ ಇಳಿಯಿತು. ಆಕೆ ಬಲ ಅಂಚಿನ ಮೇಲೆ ಬೆರಳಾಡಿಸಿದಳು.

"ಈಗ ಸರಿ ಆತಲ್ಲ ಯವ್ವಾ. ಏನ ಆಗಿತ್ತು?"

"ತಪ್ಪು ನಮ್ಮ ಡಬ್ಬ್ಯಾಗ ಇತ್ರಿ, ಅಕ್ಕಾರ. ಅಂದಪ್ಪ ಅವರದೇನೂ ಇರಲಿಲ್ಲ."

ಗುರುಲಿಂಗವ್ವನ ಬೆರಳು ಬಟ್ಟೆಯ ಮೇಲೆಯೇ ನಿಂತಿತು. "ನಾ ಅವನ್ನ ಎಲ್ಲಾರ ಮುಂದ ಬೈದೀನಲ್ಲ," ಎಂದಳು. ಸೆರಗಿನ ಗಂಟಿನಿಂದ ಮೊಬೈಲ್ ತೆಗೆದು ಅಂದಪ್ಪನಿಗೆ ಹಚ್ಚಿ, ವಿಷಯ ತಿಳಿಸಿ, ಆಫ್ರೀನಳ ಕೈಗೆ ಕೊಟ್ಟಳು.

ಆಫ್ರೀನ ಹೇಳಿದ್ದನ್ನೆಲ್ಲ ಅಂದಪ್ಪ ಕೇಳಿಕೊಂಡ. "ಅಲ್ಲೆ ಉಳಿದಾವ್ರು ಅದಾರೇನ್ರಿ?" ಎಂದು ವಿಚಾರಿಸಿದ. ಇದ್ದಾರೆ ಅಂದಳು. "ಹಂಗಾರ ಸ್ಪೀಕರ್ ಹಚ್ಚಿ, ಇನ್ನೊಮ್ಮಿ ಹೇಳ್ರಿ."

ಗುರುಲಿಂಗವ್ವ ನಾಲ್ಕೂ ಮಗ್ಗ ನಿಲ್ಲಿಸಿದಳು. ನೇಕಾರರು ತಿರುಗಿ ನೋಡಿದರು. ಆಫ್ರೀನ ಮೊಬೈಲನ್ನು ಅಂಗೈ ಮೇಲೆ ಹಿಡಿದು, ತಪ್ಪು ಡಬ್ಬಿಯದು, ಅದರ ಪ್ರೋಗ್ರಾಂ ಬರೆದವರು ನಾವು, ಅಂದಪ್ಪನ ಕೈ ಸರಿಯಿತ್ತು ಎಂದಳು.

"ಆತ್ರಿ," ಎಂದ ಅಂದಪ್ಪ. ಫೋನು ಕಟ್ಟಾಯಿತು.

ಮರುದಿನ ಆಫ್ರೀನ ತಾನು ಮಾಡಿದ್ದನ್ನು ಶಂಕರಲಿಂಗನಿಗೆ ತಿಳಿಸಿದಳು. ಆತ ಸಿಟ್ಟಿಗೆದ್ದ. "ನಾಳೆ ನಮ್ಮ ಡಬ್ಬಿ ಯಾರ ತಗೋತಾರ?"

"ಇದ ಡಬ್ಬಿ ಇನ್ನೂ ಭಾಳ ಕಡೆ ಅದಾವ, ಸರ. ಅಲ್ಲೂ ಯಾರ್ನೋ ಬೈಯಾಕತ್ತಿರಬೇಕು."

ಆ ವಾರ ಅವನು ಅವಳೊಂದಿಗೆ ಕೆಲಸದ ಮಾತಷ್ಟೇ ಆಡಿದ. ಸೋಮವಾರ ಹೊಸ ಪ್ರೋಗ್ರಾಂ ಇದ್ದ ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ಬೈಕ್ ಹತ್ತಿದ. ಹೋದಲ್ಲಿ ಏನು ಹೇಳಿದನೋ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಗುರುಲಿಂಗವ್ವ ಅಂದಪ್ಪನನ್ನು ಮರಳಿ ಕೆಲಸಕ್ಕೆ ಕರೆಯಲು ಚೊಳಚಗುಡ್ಡಕ್ಕೆ ಹೋಗಿ ಬಂದು ಆಫ್ರೀನಳಿಗೆ ಫೋನ್ ಮಾಡಿದಳು. ಅವನು ಅಲ್ಲಿ ಭಾವನ ಖಾನಾವಳಿಯಲ್ಲಿ ಕೆಲಸಕ್ಕಿದ್ದ.

"ಬರಂಗಿಲ್ಲಂತ ನೋಡವಾ. ನನಗ ಇಲ್ಲೇ ಹೊಂದೇತಿ ಅಂದ. ಕೂಡಿಸಿ, ರೊಟ್ಟಿ ಪಲ್ಯ ಬಡಿಸಿ ಕಳಿಸಿದ."

"ಸಿಟ್ಟಿನ್ಯಾಗ ಇದ್ರೇನ್ರಿ?"

"ಇಲ್ಲ. ಸಿಟ್ಟು ಮಾಡಿದ್ರ ಚಲೋ ಇತ್ತು."

"ಮತ್ತ ಮಗ್ಗ?"

"ಸದ್ಯಕ್ಕ ನಾನ ನಡಸಾಕತ್ತೀನಿ," ಎಂದಳು ಗುರುಲಿಂಗವ್ವ.