ಹಿಡಿದಿಟ್ಟ ಸೀಸ

ಬಾಪೂಜಿನಗರದ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಹಳೇ ಬ್ಯಾಟರಿ ಒಡೆಯುವ ಶೆಡ್ಡೊಂದಿತ್ತು. ಅದನ್ನು ಮುಚ್ಚಿಸಿ ನಾಲ್ಕು ವರ್ಷವಾದರೂ ಅದರ ಸೀಸ ನಮ್ಮ ಬೋರ್‌ವೆಲ್ಲಿನಲ್ಲಿ ಉಳಿದಿತ್ತು. ನಮಗದು ಗೊತ್ತಾದದ್ದು ಮೊಮ್ಮಗಳು ರಕ್ಷಾಳ ರಕ್ತಪರೀಕ್ಷೆಯಿಂದ. ಆರು ವರ್ಷದ ಹುಡುಗಿ. ಊಟ ಸೇರದು, ನಿನ್ನೆ ಕಲಿತ ಅಕ್ಷರ ಇವತ್ತು ನೆನಪಿರದು. ರಕ್ತದಲ್ಲಿ ಸೀಸ ಹದಿನಾಲ್ಕು ಇತ್ತು. ಐದು ದಾಟಬಾರದಂತೆ. ಮೊದಲು ಕುಡಿಯುವ ನೀರು ಸರಿಮಾಡಿ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದರು ಡಾಕ್ಟರು.

ಕಾವೇರಿ ನೀರು ವಾರಕ್ಕೆರಡು ಸಲ ಬಂದರೆ ಹೆಚ್ಚು, ಉಳಿದಂತೆ ಬೋರ್ ನೀರೇ ಗತಿ. ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಬಿಂದುಶ್ರೀ ಕಾಲೇಜಿನಲ್ಲಿ ನೀರಿನಿಂದ ಸೀಸ ತೆಗೆಯುವುದರ ಮೇಲೆಯೇ ಸಂಶೋಧನೆ ಮಾಡುತ್ತಿದ್ದಳು. ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡಿ, ಆಸಿಡ್ಡಿನಲ್ಲಿ ನೆನೆಸಿ, ಹತ್ತಾರು ಸಲ ತೊಳೆದು ತಂದಳು.

"ಮಾಮೂಲಿ ಇದ್ದಿಲು ಸೀಸಾನ ಅಷ್ಟಾಗಿ ಹಿಡಿಯಲ್ಲ ಅಜ್ಜಿ. ಆಸಿಡ್ಡಲ್ಲಿ ನೆನೆಸಿದ್ರೆ ಮೈತುಂಬಾ ಕೊಕ್ಕೆ ಬರುತ್ತೆ ಅಂದ್ಕೊಳಿ. ಸೀಸ ಬಂದು ತಗಲಾಕ್ಕೊಳುತ್ತೆ."

"ನಮ್ಮ ಬೀದಿ ಹೆಂಗಸರ ಬಾಯಿಗೆ ಸಿಕ್ಕಿದ ಹಾಗೆ ಅನ್ನು."

ನಕ್ಕಳು. ತೂತಿನ ಬಕೆಟ್ಟಿಗೆ ಬಟ್ಟೆ ಹಾಸಿ ಇದ್ದಿಲು ತುಂಬಿ, ಇನ್ನೊಂದು ಬಕೆಟ್ಟಿನ ಮೇಲೆ ಕೂರಿಸಿದಳು. ನೀರು ಹನಿಹನಿಯಾಗಿಯೇ ಇಳಿಯಬೇಕು. ಅವಸರ ಮಾಡಿದರೆ ಸೀಸ ತಪ್ಪಿಸಿಕೊಳ್ಳುತ್ತದೆ. ಚೂರುಚೂರೇ ನೀರು ಹೊಯ್ಯುವ ಆ ಕೆಲಸ ನನ್ನದಾಯಿತು. ಸೊಸೆ ಶಶಿಕಲಾ ಓಡಾಡುತ್ತಾ, "ಅದರ ಮುಂದೆ ಕೂತು ಕೂತು ನೀವೂ ಮಸಿ ಆಗೋಗ್ತೀರ ಅತ್ತೆ" ಎನ್ನುವಳು.

ಹದಿನೈದು ದಿನಕ್ಕೊಮ್ಮೆ ಹೊಸ ಇದ್ದಿಲು. ಹಳೆಯದನ್ನು ಚೀಲಕ್ಕೆ ಹಾಕಿಟ್ಟರೆ ಬಿಂದುಶ್ರೀ ಲ್ಯಾಬಿಗೆ ಒಯ್ಯುವಳು. ಇಳಿದ ನೀರಿನಲ್ಲಿ ಸೀಸದ ಸುಳಿವೇ ಇರಲಿಲ್ಲ.

ಮೂರು ತಿಂಗಳಾಯಿತು. ಮಗುವಿನ ರಕ್ತದಲ್ಲಿ ಇಪ್ಪತ್ತೊಂದು.

"ನಿನ್ನ ಓದಿಗೆ ನಮ್ಮ ಮಗೂನೇ ಬೇಕಿತ್ತೇನಮ್ಮಾ?" ಎಂದಳು ಶಶಿಕಲಾ. ಬಿಂದುಶ್ರೀ ಮತ್ತೆ ಲ್ಯಾಬಿಗೆ ನೀರು ಒಯ್ದು ನೋಡಿದಳು. ಸೀಸವಿಲ್ಲ. ಅದನ್ನು ಹೇಳಲೆಂದು ಮರುದಿನ ಬೆಳಗ್ಗೆ ಹಿತ್ತಲಿಗೆ ಇಳಿದು ಬಂದಾಗ ರಕ್ಷಾ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದಳು. ಕಪ್ಪು ಹಲ್ಲು ಕಿಸಿದು, "ಅಕ್ಕಾ, ದೆವ್ವ!" ಎಂದಳು.

"ಏನೇ ಪುಟ್ಟಿ ಅದು?"

"ಅಜ್ಜಿ ಪುಡಿ!"

ನಮ್ಮಮ್ಮ ನಮಗೆಲ್ಲ ಇದ್ದಿಲು, ಉಪ್ಪಿನಲ್ಲೇ ಹಲ್ಲುಜ್ಜಿಸಿದ್ದು. ಇಂಥ ನಯವಾದ ಚಿಪ್ಪಿನ ಇದ್ದಿಲನ್ನು ಎಸೆಯುವುದೇ ಎಂದು ನಾನು ಪ್ರತಿಸಲ ಚೀಲದಿಂದ ಒಂದು ಹಿಡಿ ತೆಗೆದು, ಒಣಗಿಸಿ, ಉಪ್ಪು ಲವಂಗ ಸೇರಿಸಿ ಕುಟ್ಟಿಟ್ಟಿದ್ದೆ. ಬೆಂಕಿ ಸೌದೆಯನ್ನು ತಿಂದು ಮುಗಿಸುವ ಹಾಗೆ ಇದ್ದಿಲು ಸೀಸವನ್ನು ತಿಂದು ಮುಗಿಸುತ್ತದೆ ಎಂದುಕೊಂಡಿದ್ದೆ.

ಬಿಂದುಶ್ರೀ ಒಗೆಯುವ ಕಲ್ಲಿನ ಮೇಲೆ ಕುಸಿದಳು. "ಮುಗಿಸಲ್ಲ ಅಜ್ಜಿ. ಹಿಡ್ಕೊಂಡಿರುತ್ತೆ ಅಷ್ಟೆ. ಹದಿನೈದು ದಿನದ ಸೀಸ ಎಲ್ಲಾ ಅದರಲ್ಲೇ ಇರುತ್ತೆ. ನುಂಗಿದ್ರೆ ಹೊಟ್ಟೆ ಒಳಗಿನ ಆಸಿಡ್ ಬಿಡಿಸ್ಬಿಡುತ್ತೆ... ನಾನು ಹೇಳ್ಬೇಕಿತ್ತು."

ನಾನು ಮಗುವಿನ ಕೈಯಿಂದ ಪುಡಿಯ ಡಬ್ಬಿ ಕಿತ್ತುಕೊಂಡೆ.

"ಇದ್ದಿಲೇ ಸರಿ ಇರ್ಲಿಲ್ಲ ಅಂತ ಒಳಗೆ ಹೇಳ್ತೀನಿ," ಎಂದಳು ಮೆಲ್ಲಗೆ. "ಶಶಿಕಲಾ ಅಕ್ಕ ಹೆಂಗೂ ನನ್ನೇ ಬೈತಿದಾರೆ."

"ಹಾಗಂದ್ರೆ ಬಕೆಟ್ಟೇ ಎತ್ತಿ ಬಿಸಾಕ್ತಾಳೆ ಕಣೇ. ಮಗು ಮತ್ತೆ ಬೋರ್ ನೀರೇ ಕುಡಿಯುತ್ತೆ."

ಒಳಗೆ ಹೋಗಿ ನಾನೇ ಹೇಳಿದೆ. ರೊಟ್ಟಿ ತಟ್ಟುತ್ತಿದ್ದ ಶಶಿಕಲಾ ಕೇಳಿಸಿಕೊಂಡಳು, ಒಲೆ ಆರಿಸಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹಿತ್ತಲಿಗೆ ಹೋಗಿ, ಹಿಟ್ಟಿನ ಕೈ ತೊಳೆದು, ಮಗುವಿನ ಬಾಯಿಗೆ ಬೆರಳಿಟ್ಟು ಉಜ್ಜತೊಡಗಿದಳು. "ಸಾಕಮ್ಮಾ, ಉರಿಯುತ್ತೆ" ಎಂದು ಮಗು ಅತ್ತರೂ ಬಿಡಲಿಲ್ಲ.

ಬಾಯಿ ಮುಕ್ಕಳಿಸಲೆಂದು ನಾನು ಇಳಿದ ನೀರನ್ನು ಚೆಂಬಿನಲ್ಲಿ ತಂದು ಚಾಚಿದೆ. ಶಶಿಕಲಾ ತಿರುಗಿ ನೋಡಲಿಲ್ಲ. ಬಿಂದುಶ್ರೀ ನನ್ನ ಕೈಯಿಂದ ಚೆಂಬು ತೆಗೆದುಕೊಂಡು ಕೊಟ್ಟಳು. ಅವಳ ಕೈಯಿಂದ ಶಶಿಕಲಾ ತೆಗೆದುಕೊಂಡಳು.