ಗರಂಬಾಯಿ

ಕುದಿಯುವ ಚಹಾವನ್ನು ಬಸಿಗೆ ಸುರಿಯದೆ, ಊದದೆ, ಒಲೆಯಿಂದ ಇಳಿದದ್ದೇ ತಡ ಗಟಗಟ ಕುಡಿದುಬಿಡುವ ಹೆಂಗಸನ್ನು ಭಾಲ್ಕಿಯಲ್ಲಿ ನಾನು ಒಬ್ಬಳನ್ನೇ ಕಂಡಿದ್ದೇನೆ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಶೇವಂತಾಬಾಯಿ ಆಕೆ. ಚಾ ಗರಂ, ರೊಟ್ಟಿ ಗರಂ, ಮೈಮೇಲೆ ಹಾಕಿಕೊಳ್ಳುವ ನೀರು ಬಿರುಬೇಸಗೆಯಲ್ಲೂ ಗರಂ, ಮಾತಂತೂ ಒಲೆಯ ಮೇಲಿನ ಹಂಚು. ಹೀಗಾಗಿ ಊರ ಮಂದಿ ಆಕೆಯ ಹೆಸರಿನ ಮುಂಭಾಗವನ್ನು ಕಿತ್ತುಹಾಕಿ ಗರಂಬಾಯಿ ಎಂದು ಕರೆದರು. ಎದುರಿಗೆ ನಿಂತು ಕರೆಯುವ ಧೈರ್ಯ ಮಾತ್ರ ಯಾವನಿಗೂ ಬರಲಿಲ್ಲ.

ಆಕೆಯ ಇನ್ನೊಂದು ಲಕ್ಷಣ ಕೋಟು. ಬೀದರಿನ ಸಂತೆಯಲ್ಲಿ ಕೊಂಡ, ಯಾವನೋ ಉದ್ದಾಳು ತೊಟ್ಟು ಬಿಟ್ಟ, ಕಂದು ಬಣ್ಣದ ಗಂಡಸರ ಕೋಟು. ಅದನ್ನು ಸೀರೆಯ ಮೇಲೆ ಏರಿಸಿ, ಎಡಹೆಗಲು ಮುಂದೆ ಮಾಡಿ, ತುಂಬಿದ ಬಸ್ಸಿನ ಬಾಗಿಲಿಗೆ ನುಗ್ಗುವವಳ ಹಾಗೆ ಖಾಲಿ ರಸ್ತೆಯಲ್ಲೂ ನಡೆಯುವಳು. ಒಂದು ಕಿಸೆಯಲ್ಲಿ ಖಾರದ ಡಬ್ಬಿ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಕಡಕ ರೊಟ್ಟಿ. ಯಾರಾದರೂ ನಕ್ಕರೆ, "ಇದು ಕೋಟಲ್ಲ, ನನ್ನ ಕಪಾಟ. ನಿನ್ನ ಮನಿ ಕಪಾಟ ನೋಡಿ ನಾ ನಕ್ಕೀನೇನು?" ಅನ್ನುವಳು.

ಇದೇ ಕೋಟು ತೊಟ್ಟು ಆಕೆ ಮಲೇಶಿಯಾಕ್ಕೆ ಹೋಗಿಬಂದಳು. ಅಲ್ಲಿ ಪೆನಾಂಗ್ ಎಂಬ ಸಮುದ್ರದಂಡೆಯ ಪಟ್ಟಣದ ಹೋಟೆಲೊಂದರಲ್ಲಿ ತಮ್ಮ ಪಂಢರಿ ಅಡುಗೆಯವನಾಗಿದ್ದ. ಅವ್ವ ತೀರಿದ ಮೇಲೆ ಅವನನ್ನು ಎತ್ತಿ ಬೆಳೆಸಿದವಳು ಈಕೆಯೇ. ಔರಾದ ಸೀಮೆಯ ಅವರ ಊರು ಠಾಣಾ ಕುಶನೂರಿನಲ್ಲಿ ಎರಡು ವರ್ಷ ಮುಗಿಲು ಮುಖ ತಿರುಗಿಸಿ, ಅರ್ಧ ಓಣಿ ಪುಣೆಗೂ ಹೈದರಾಬಾದಿಗೂ ಗಂಟು ಕಟ್ಟಿದಾಗ, ಪಂಢರಿ ಎಲ್ಲರಿಗಿಂತ ದೂರ ಹೋದ. ಮೂರು ವರ್ಷದ ಮೇಲೆ ಅವನ ಫೋನು ಬಂತು: ಮಾಲೀಕ ಮಾರ್ಕೆಟಿನಲ್ಲಿ ಹೊಸ ಮಳಿಗೆ ಹಾಕುತ್ತಾನೆ, ತನ್ನನ್ನು ಪಾಲುದಾರ ಮಾಡಿಕೊಳ್ಳುತ್ತಾನೆ, ಅಕ್ಕ ಹೂಂ ಅಂದರೆ ಇಲ್ಲೇ ನಿಲ್ಲುವೆ, ಒಲ್ಲೆ ಅಂದರೆ ಬಂದುಬಿಡುವೆ. ಶೇವಂತಾಬಾಯಿ ಫೋನು ಇಟ್ಟಳು. ಟಿಕೆಟ್ ತೆಗೆಸಿದಳು. ಹೋಗಲು ಒಂದು, ಬರಲು ಎರಡು.

"ಇನ್ನೊಂದು ಯಾರಿಗ್ರೀ ಬಾಯಿ?" ಎಂದು ಟಿಕೆಟ್ ತೆಗೆಯುವ ರಶೀದ ಅಹ್ಮದ ಕೇಳಿದ.

"ಹಗ್ಗ ಹರ್ಕೊಂಡು ಹೋದ ಎತ್ತ ಒಂದ ಅದ. ಹೊಡಕೊಂಡ ಬರ್ತೇನಿ."

ಕನ್ನಡ, ಮರಾಠಿ ತಿಳಿಯದವನಿಗೆ ದಖನಿ ಉರ್ದು ತಿಳಿಯಲೇಬೇಕು ಎಂಬುದು ಆಕೆಯ ಅಚಲ ನಂಬಿಕೆ. "ಇಲ್ಲಿ ಭಾಷಾನೇ ಬ್ಯಾರೆ ಅದ, ಅಕ್ಕಾ" ಎಂದ ತಮ್ಮನನ್ನು ಪಕ್ಕಕ್ಕೆ ಸರಿಸಿ ಪೆನಾಂಗಿನ ಅಂಗಡಿಯಲ್ಲಿ "ಸಾಬೂನ್" ಅಂದಳು, ಸಾಬೂನೇ ಬಂತು. "ರೋಟಿ" ಅಂದಳು, ರೊಟ್ಟಿ ಬಂತು. ಬೀಗದ ಅಂಗಡಿಯ ಮುಂದೆ ನಿಂತು ಬೇಕಂತಲೇ "ಕುಂಜಿ" ಅಂದಳು. ಮುದುಕ ಕೀಲಿಕೈ ಎತ್ತಿ ತೋರಿಸಿದ. ಮಾರ್ಕೆಟಿನ ಹೆಸರೇ ಚೌರಸ್ತಾ ಎಂದು ತಿಳಿದ ಮೇಲಂತೂ ಹಿಡಿಯುವವರಿಲ್ಲ.

"ಮೂರ ವರ್ಷಾದ್ರೂ ನಿನಗ ಬರಲಿಲ್ಲ, ಮೂರ ತಾಸಿನಾಗ ನನಗ ಬಂತು ನೋಡ್ಲೇ ಪಂಢ್ಯಾ!"

ಆ ಚೌರಸ್ತಾ ಮಾರ್ಕೆಟನ್ನು ಅಕ್ಕ-ತಮ್ಮ ನಾಲ್ಕು ದಿನ ತಿರುಗಿದರು. ಒಣಮೀನಿನ ರಾಶಿ ಎದುರಾದಾಗ ಆಕೆ ಕೋಟಿನ ತೋಳಿಗೆ ಮೂಗು ಒತ್ತಿಕೊಂಡಳು. ಗಾಜಿನ ಭರಣಿಯಲ್ಲಿ ನೆನೆಹಾಕಿದ ಜಾಯಿಕಾಯಿಯ ಹಣ್ಣಿನ ತಿರುಳು ಕಂಡು, "ಇಷ್ಟ ದಿನ ನಮಗ ಬರೇ ಬೀಜ ಕೊಟ್ಟು ಹಣ್ಣೆಲ್ಲಾ ಇವರೇ ತಿಂದಾರ!" ಎಂದು ಸಿಟ್ಟಿಗೆದ್ದು ಎರಡು ಸೇರು ಕಟ್ಟಿಸಿದಳು. ತೆಂಗಿನಹಾಲಿನ ಅನ್ನವಾಗಲಿ, ಹುಳಿಸಾರಿನ ಶಾವಿಗೆಯಾಗಲಿ, ಎಲ್ಲಕ್ಕೂ ಕಿಸೆಯ ಖಾರ ಉದುರಿಸಿ, ತಿಂದು, "ನಡೀತದ" ಅನ್ನುವಳು. ಮಳಿಗೆಯ ಮಾತು ತೆಗೆದರೆ ಮಾತ್ರ ಒಂದೇ ಉತ್ತರ: "ಟಿಕೀಟ ಶುಕ್ರವಾರದ್ದು ಅದ." ಪಂಢರಿ ಹೆಗಲು ಇಳಿಬಿಟ್ಟು ಹಿಂದೆ ಬರುವನು.

ಗುರುವಾರ ಮುಂಜಾನೆ ಅವನು ಹೊಸ ಮಳಿಗೆಯ ಮಗ್ಗುಲಿನ ಚಹಾ ಗಾಡಿಯ ಬಳಿ ಅಕ್ಕನನ್ನು ಕೂರಿಸಿ, ಮಾಲೀಕನನ್ನು ಕರೆತರಲು ಹೋದ. ತಲೆಗೆ ವಸ್ತ್ರ ಸುತ್ತಿದ ಗಾಡಿಯ ಹೆಂಗಸು ನಗುತ್ತ ಚಾ ಕೊಟ್ಟಳು. ಗುಟುಕು ಕುಡಿದ ಶೇವಂತಾಬಾಯಿ ಮುಖ ಕಿವುಚಿ, "ಗರಂ" ಅಂದಳು. ಆ ಹೆಂಗಸು ಹುಬ್ಬೇರಿಸಿ, ಬಿಳಿ ಪುಡಿಯೊಂದು ಚಿಟಿಕೆ ಹಾಕಿ ಕಲಕಿದಳು. ಈಗ ಚಾ ಸವಳು. ಸಮುದ್ರದ ಊರು, ನೀರೇ ಹೀಗಿರಬೇಕು ಎಂದು ಈಕೆ ಅದನ್ನು ಮನ್ನಿಸಿದಳು, ತಣ್ಣಗಿರುವುದನ್ನು ಮನ್ನಿಸಲಿಲ್ಲ. "ಗರಂ!" ಒಂದು ಚಮಚೆ ಬಿತ್ತು. "ಗರಂ ಅಂದ್ರ ತಿಳಿಯಂಗಿಲ್ಲೇನ ನಿನಗ?" ಆ ಹೆಂಗಸು ಪುಡಿಯ ಡಬ್ಬಿಯನ್ನೇ ತಂದು ಮುಂದೆ ಕುಕ್ಕಿದಳು.

ಪಂಢರಿ ಮಾಲೀಕನೊಂದಿಗೆ ಬಂದಾಗ ಗಾಡಿಯವಳು ದೂರು ಹೇಳಲು ಕಾದೇ ಇದ್ದಳು. ಅವನು ಅಕ್ಕನ ಕಪ್ಪಿನಿಂದ ಒಂದು ಗುಟುಕು ಕುಡಿದು ಥೂ ಎಂದು ಉಗುಳಿದ. ಅಕ್ಕನ ಸಿಟ್ಟಿಗೆ ಈಗ ಗಾಡಿ ಉರುಳುತ್ತದೆ, ಅದರೊಂದಿಗೆ ಮಳಿಗೆಯೂ ಉರುಳುತ್ತದೆ ಎಂದು ಒಂದು ಕೈಯಿಂದ ಗಾಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಕ್ಕಾ, ಗರಂ ಅಂದ್ರ ಇಲ್ಲಿ ಉಪ್ಪು!"

ಶೇವಂತಾಬಾಯಿ ಅವನ ಕೈಯಿಂದ ಕಪ್ಪು ಕಸಿದು ತಳದವರೆಗೆ ಕುಡಿದಳು.

"ನೀ ಊರ ಬಿಡೊ ಮುಂಜಾನಿ ಚಾ ಕಾಸಿ ಕೊಟ್ಟಿದ್ನಲ್ಲೋ. ಟ್ಯಾಂಕರಿನ ಸವಳ ನೀರು. ನೀ ಬಸ್ ಹತ್ತಿ ಹ್ವಾದ ಮ್ಯಾಲ ನಾ ಬಾಯಾಗ ಹಾಕೊಂಡೆ. ಇದರಂಗೇ ಇತ್ತು. ಒಂದ ಮಾತ ಆಡದ ಹ್ಯಾಂಗ ಕುಡದೀಲೇ ಅದನ್ನ?"

"ಆಡಿದ್ರ ನೀ ಬೈತಿದ್ದಿ" ಅಂದ ಪಂಢರಿ.

ಮೊದಲು ಅಕ್ಕ ನಕ್ಕಳು, ಆಮೇಲೆ ತಮ್ಮ. ಗಾಡಿಯವಳು ಏನೂ ತಿಳಿಯದೆ ಇಬ್ಬರಿಗಿಂತ ಜೋರಾಗಿ ನಕ್ಕಳು. ಶೇವಂತಾಬಾಯಿ ಎದ್ದು, ಎಡಹೆಗಲು ಮುಂದೆ ಮಾಡಿ, ಹೊಸ ಮಳಿಗೆಗೆ ನುಗ್ಗಿದಳು. ಗೋಡೆ ನೋಡಲಿಲ್ಲ, ಒಲೆ ನೋಡಲಿಲ್ಲ. ಮೂಲೆಯ ನಳ ತಿರುವಿ, ಬೊಗಸೆಯೊಡ್ಡಿ, ನೀರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಮುಕ್ಕಳಿಸಿ ನುಂಗಿದಳು. ಸಿಹಿನೀರು.

"ಹೂಂ" ಅಂದಳು.

ಶುಕ್ರವಾರ ವಿಮಾನದಲ್ಲಿ ಪಕ್ಕದ ಸೀಟಿನ ಮೇಲೆ ಕೋಟು ಹಾಸಿ, ಜಾಯಿಕಾಯಿಯ ಗಂಟು ಕೂರಿಸಿ, ಅಲ್ಲಿ ಕೂರಲು ಬಂದವನಿಗೆ "ಇದು ನಮ್ಮ ತಮ್ಮನ ಜಾಗಾ" ಎಂದು ದಖನಿಯಲ್ಲಿ ಗದರಿಸಿದಳಂತೆ. ಅವನು ಎದ್ದು ಹೋದನಂತೆ. ಭಾಷೆ ತಿಳಿದೇ ಹೋದ ಎಂಬುದು ಆಕೆಯ ವಾದ.

ಗರಂ ಮಂದಿಯ ಮಾತು ಸುಡುತ್ತದೆಂದು ದೂರ ಸರಿದು ಕೂಡುವವರೇ ಬಹಳ. ಆದರೆ ತಮ್ಮವರು ಎಂದೋ ಬಾಯಿಬಿಡದೆ ನುಂಗಿದ ಸವಳು ಗುಟುಕನ್ನು ವರ್ಷಗಟ್ಟಲೆ ತಮ್ಮ ನಾಲಗೆಯ ಮೇಲೆ ಹೊತ್ತು ತಿರುಗುವವರೂ ಅವರೇ. ಗರಂ ಎಂಬ ಮಾತಿಗೆ ಉಪ್ಪು ಎಂಬ ಅರ್ಥವಿಟ್ಟ ಆ ಸಮುದ್ರದಂಡೆಯವರಿಗೆ ಬುದ್ಧಿಯಿಲ್ಲ ಎಂದು ಶೇವಂತಾಬಾಯಿ ಇಂದಿಗೂ ಬೈಯುತ್ತಾಳೆ. ನನಗಂತೂ ಅವರು ಇಂಥವರನ್ನು ಕಂಡೇ ಉಪ್ಪಿಗೆ ಆ ಹೆಸರಿಟ್ಟಂತೆ ತೋರುತ್ತದೆ.