ಎದುರಿಗೆ ಆರ್, ಹಿಂದೆ ಈಸ್

ಸ್ಕೂಲ್ ಇನ್‌ಸ್ಪೆಕ್ಟರು ಬರುತ್ತಾರೆ ಎಂಬ ಸುದ್ದಿ ಹುಣಸೂರಿನಿಂದ ಬಂದ ದಿನದಿಂದ ಚಾಮಯ್ಯ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಪಾಠದ ನಡುವೆಯೇ ಕಿಟಕಿಗೆ ಹೋಗಿ ರಸ್ತೆ ನೋಡುವುದು, ಸೀಮೆಸುಣ್ಣದ ಕಡ್ಡಿಯನ್ನು ಬರೆಯುವ ಮೊದಲೇ ಮುರಿದು ಹಾಕುವುದು, ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಡುವುದನ್ನು ಮರೆತು ಕೂರುವುದು.

ದಿಗಿಲಾಗದೆ ಇದ್ದೀತೇ? ಗಾವಡಗೆರೆಯಿಂದ ಒಂದು ಹರದಾರಿ ದೂರದ ತನ್ನೂರಿನ ಮಿಡ್ಲ್ ಸ್ಕೂಲಿಗೆ ಅವನು ಇಂಗ್ಲಿಷ್ ಮೇಷ್ಟ್ರಾಗಿ ಬಂದದ್ದು ಹಂಗಾಮಿಯಾಗಿ. ಇನ್‌ಸ್ಪೆಕ್ಟರು ಪಾಠ ನೋಡಿ ತಲೆಯಾಡಿಸಿದರೆ ಕೆಲಸ ಖಾಯಂ. ತಲೆಯಾಡಿಸದಿದ್ದರೆ ಪಟೇಲರ ಹೊಲ ಇದ್ದೇ ಇತ್ತು. ಆ ಹೊಲದಲ್ಲಿ ಅವನ ಅಪ್ಪ ದೊಡ್ಡಮಾದಯ್ಯ ಬುದ್ಧಿ ಬಂದಾಗಿನಿಂದ ಆಳಾಗಿ ದುಡಿಯುತ್ತಿದ್ದ. ಈಗ ಅವನ ಎರಡು ಮಂಡಿಯೂ ಹೋಗಿದ್ದವು. ಕೂತರೆ ಏಳಲು ನೆಲಕ್ಕೆ ಕೈಯೂರಬೇಕು, ಎದ್ದರೆ ಹೆಜ್ಜೆ ಹಾಕಲು ದೇವರನ್ನು ಕರೆಯಬೇಕು. ಆದರೂ ಬೆಳಗಾದರೆ ಗುದ್ದಲಿ ಹೆಗಲಿಗೇರುತ್ತಿತ್ತು. ಕೆಲಸ ಖಾಯಂ ಆದ ಮಾರನೆಯ ದಿನವೇ ಆ ಗುದ್ದಲಿ ಕಿತ್ತುಕೊಂಡು ಅಪ್ಪನನ್ನು ಜಗಲಿಯ ಮೇಲೆ ಕೂರಿಸಬೇಕು ಎಂಬುದು ಚಾಮಯ್ಯನ ಆಸೆ. ಮೈಸೂರಿನ ಹಾಸ್ಟೆಲಿನಲ್ಲಿ ಧರ್ಮದ ಅನ್ನ ತಿಂದು ಪರೀಕ್ಷೆ ಮೇಲೆ ಪರೀಕ್ಷೆ ಪಾಸು ಮಾಡಿದ್ದು ಅದೊಂದಕ್ಕಾಗಿ.

ಇಂಗ್ಲಿಷಿನಲ್ಲಿ ಅವನು ಗಟ್ಟಿಗ. ಕನ್ನಡದ ಮೇಲೆ ಇಂಗ್ಲಿಷಿನ ಅಂಗಿ ತೊಡಿಸಿದ ವಾಕ್ಯಗಳನ್ನು ಕಂಡರೆ ಅವನ ಕಣ್ಣಿಗೆ ಕಸ ಬಿದ್ದ ಹಾಗಾಗುತ್ತಿತ್ತು. ನನಗೆ ಜ್ವರ ಬರುತ್ತಿದೆ ಎನ್ನುವುದನ್ನು ಮಕ್ಕಳು ‘ಟು ಮಿ ಫೀವರ್ ಈಸ್ ಕಮಿಂಗ್’ ಎಂದು ಬರೆದು ತರುತ್ತಿದ್ದವು. ತಲೆ ನೋಯುತ್ತಿದ್ದರೆ ‘ಮೈ ಹೆಡ್ ಈಸ್ ಪೇನಿಂಗ್’. ಚಾಮಯ್ಯ ಬೈಯದೆ, ಹೊಡೆಯದೆ, ಒಂದೊಂದನ್ನೂ ಬೋರ್ಡಿನ ಮೇಲೆ ಬರೆದು, ತಪ್ಪೆಲ್ಲಿದೆ ಹುಡುಕಿ ಎನ್ನುತ್ತಿದ್ದ. ಮಕ್ಕಳಿಗೆ ಅದು ತಲೆಯ ಹೇನು ಹೆಕ್ಕುವಷ್ಟು ಸಲೀಸಾಗಿಬಿಟ್ಟಿತು.

ಆದರೆ ಒಂದು ತಪ್ಪು ಮಾತ್ರ ಏನು ಮಾಡಿದರೂ ಹೋಗಲಿಲ್ಲ. ‘ದಿ ಪಟೇಲ್ ಆರ್ ಕಮಿಂಗ್.’ ‘ದಿ ಶಾನುಭೋಗ್ ಆರ್ ಈಟಿಂಗ್.’ ಒಬ್ಬರೇ ಪಟೇಲರಿಗೆ ಬಹುವಚನದ ಆರ್ ಯಾಕ್ರಪ್ಪಾ ಎಂದರೆ ಮಕ್ಕಳು ಹೌಹಾರುತ್ತಿದ್ದವು. ದೊಡ್ಡವರಿಗೆ ಬಂದ, ಹೋದ ಎನ್ನುವುದುಂಟೇ? ಆಳುಕಾಳಿನ ವಾಕ್ಯಗಳಲ್ಲಿ ಮಾತ್ರ ಒಂದು ಮಗುವೂ ಎಂದೂ ತಪ್ಪು ಮಾಡಲಿಲ್ಲ. ‘ದಿ ಸರ್ವಂಟ್ ಈಸ್ ಕಮಿಂಗ್.’ ಅಲ್ಲಿ ವ್ಯಾಕರಣ ಹಾಲು ಕುಡಿಯುವಾಗಲೇ ಬಂದುಬಿಟ್ಟಿತ್ತು. ಅದನ್ನು ಸರಿ ಎಂದು ಗುರುತು ಹಾಕುವಾಗ ಚಾಮಯ್ಯನಿಗೆ ಒಳಗೊಳಗೇ ಉರಿಯುತ್ತಿತ್ತು.

ಇನ್‌ಸ್ಪೆಕ್ಟರ ಮುಂದೆ ಮಾನ ಹೋಗಬಾರದೆಂದು ಅವನು ಪಟ್ಟು ಹಿಡಿದು ಕೂತ. ಪಟೇಲರಾದರೂ ಈಸ್, ಅಮಲ್ದಾರರಾದರೂ ಈಸ್ ಎಂದು ಇಡೀ ತರಗತಿಯ ಕೈಯಲ್ಲಿ ಕೂಗಿಸಿದ. ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ಸಿದ್ದಲಿಂಗಮ್ಮ. ಪಟೇಲ್ ಚಿಕ್ಕಬಸಪ್ಪನವರ ಮೊಮ್ಮಗಳು. ಕಲಿತದ್ದನ್ನು ಮನೆಯಲ್ಲಿ ಒಪ್ಪಿಸುವ ಅಭ್ಯಾಸ ಅವಳಿಗೆ. ಆ ಸಂಜೆ ತಾತನಿಗೂ ಒಪ್ಪಿಸಿದಳು.

ಮಾರನೆಯ ದಿನವೇ ಪಟೇಲರಿಂದ ಕರೆ ಬಂತು. ಚಾಮಯ್ಯ ಕೋಟು ಹಾಕಿಕೊಂಡೇ ಹೋದ. ಆದರೆ ಜಗಲಿಯ ಕೆಳಗೆ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ನಿಂತ.

“ಏನ್ಲಾ ಚಾಮ, ನನ್ನ ಏಕವಚನದಲ್ಲಿ ಇಟ್ಟಿದ್ದೀಯಂತೆ?” ಎಂದರು ಪಟೇಲರು, ಎಲೆಗೆ ಸುಣ್ಣ ಸವರುತ್ತ.

“ನಾನಿಟ್ಟಿದ್ದಲ್ಲ ಬುದ್ದಿ, ಆ ಭಾಷೆ ಇಟ್ಟಿರೋದು. ಒಬ್ರು ಅಂದ್ರೆ ಅಲ್ಲಿ ಈಸೇಯ. ಮಹಾರಾಜ್ರಿಗೂ ಈಸೇ.”

“ಮೆತ್ತಗೆ ಮಾತಾಡ್ಲಾ!” ಪಟೇಲರು ಬೀದಿಯತ್ತ ಒಮ್ಮೆ ನೋಡಿದರು. “ಮಹಾರಾಜ್ರಿಗೂ ಮರ್ಯಾದಿ ಇಲ್ವಾ ಆ ಭಾಷೇಲಿ?”

ಚಾಮಯ್ಯ ಕೈ ಹಿಸುಕಿಕೊಂಡ. ಏನಾದರೂ ಹೇಳಿ ಅಲ್ಲಿಂದ ಪಾರಾದರೆ ಸಾಕಾಗಿತ್ತು. “ಎದುರಿಗೆ ನಿಂತು ಮಾತಾಡುವಾಗ ಆರ್ ಐತೆ ಬುದ್ದಿ. ಯು ಆರ್ ಅಂತಾರೆ. ನಾವು ನೀವು ಅಂದಂಗೆ.”

“ಓಹೋ! ಎದುರಿಗೆ ಆರ್, ಹಿಂದೆ ಈಸ್ ಅನ್ನು.” ಪಟೇಲರಿಗೆ ನಗು ಬಂತು. “ನಮ್ಮೂರ್ನೋರ ಬುದ್ದೀನೇ ಬಿಳಿ ಜನಕ್ಕೂ ಬಂದೈತೆ ಕಣ್ಲಾ. ಆಯ್ತು, ನಿಮ್ಮಪ್ಪ ಎದುರಿಗೆ ನಿಂತ್ರೆ? ಅವನ್ಗೂ ಆರೇಯಾ?”

“ಹೂಂ ಬುದ್ದಿ. ಎಲ್ರಿಗೂ ಒಂದೇಯ.”

“ನಾಯಿಗೆ?”

“ನಾಯಿಗೂ ಬುದ್ದಿ.”

ಪಟೇಲರ ನಗು ನಿಂತಿತು. ಎಲೆಯನ್ನು ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿದರು. “ನೋಡು, ಇನ್‌ಸ್ಪೆಟ್ರು ಬಂದ ದಿನ ನಾನೂ ಬಂದು ಕುರ್ಚೀಲಿ ಕೂತ್ಕತೀನಿ. ಐಕ್ಳ ಮುಂದೆ ನನ್ನ ಹೆಸರಿಗೆ ಆ ಈಸ್ ಏನಾರ ಬಿತ್ತು ಅಂದ್ರೆ, ಸ್ಕೂಲ್ ಕಮಿಟೀಲಿ ನಿನ್ನ ಪರ ಬಾಯಿ ಬುಡಾಕಿಲ್ಲ. ತಿಳೀತಾ? ಹೋಗು.”

ಈಸ್ ಎಂದರೆ ಪಟೇಲರು ಹೋದರು, ಆರ್ ಎಂದರೆ ಇನ್‌ಸ್ಪೆಕ್ಟರು ಹೋದರು. ಅತ್ತ ದರಿ, ಇತ್ತ ಪುಲಿ. ಚಾಮಯ್ಯ ಮನೆಗೆ ಬಂದು ಒಲೆಯ ಮುಂದಿನಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಯ ಮುಂದಕ್ಕೆ ಓಡಾಡಿದ. ಮಂಡಿಗೆ ಬಿಸಿ ಎಕ್ಕದ ಎಲೆ ಒತ್ತಿಕೊಳ್ಳುತ್ತಿದ್ದ ದೊಡ್ಡಮಾದಯ್ಯ ಅವನನ್ನೇ ನೋಡುತ್ತಿದ್ದ.

“ಅದ್ಯಾಕ್ಲಾ ಮಗ ಅಂಗೆ ಸುತ್ತೀಯ, ಗಾಣದೆತ್ತಿನಂಗೆ? ಅವ್ರು ಏನು ಬರಿ ಅಂತಾರೋ ಅದನ್ನೇ ಬರುದ್ಬುಡು. ಒಂದಕ್ಸರಕ್ಕೆ ಯಾಕೆ ತಕರಾರು?”

“ಅದು ತಪ್ಪಾಗ್ತದೆ ಕಣಪ್ಪ. ನಿನಗೆ ಅರ್ಥವಾಗಕಿಲ್ಲ.”

“ಸರಿ ಬುಡು. ನನಗೆ ಎಲ್ಲಿ ಅರ್ತ ಆದಾತು,” ಎಂದು ದೊಡ್ಡಮಾದಯ್ಯ ಎಲೆ ತಿರುಗಿಸಿ ಒತ್ತಿಕೊಂಡ. ಅವನಿಗೆ ಬೇಜಾರೇನೂ ಆಗಲಿಲ್ಲ. ಮಗ ಓದಿದವನು, ತಾನು ಓದದವನು. ಬೇಜಾರಾದದ್ದು ಚಾಮಯ್ಯನಿಗೆ. ಆ ಮಾತು ಆಡಬಾರದಿತ್ತು ಎನ್ನಿಸಿತು, ಆಡಿಯಾಗಿತ್ತು.

ಇನ್‌ಸ್ಪೆಕ್ಟರು ಬಂದೇ ಬಂದರು. ನೀಲಕಂಠಸ್ವಾಮಿ ಎಂದು ಹೆಸರು. ಪೇಟ, ಕೋಟು, ಬೆಳ್ಳಗಿನ ಪಂಚೆ, ಮುಖದಲ್ಲಿ ದಣಿದ ಸೌಮ್ಯತೆ. ಪಟೇಲರು ಹೇಳಿದಂತೆಯೇ ಕುರ್ಚಿ ಹಾಕಿಸಿಕೊಂಡು ಬೋರ್ಡಿನ ಪಕ್ಕದಲ್ಲೇ ಕೂತರು.

ಜ್ವರದ ವಾಕ್ಯ, ತಲೆನೋವಿನ ವಾಕ್ಯ ಎಲ್ಲ ಸಲೀಸಾಗಿ ಮುಗಿದವು. ಇನ್‌ಸ್ಪೆಕ್ಟರು ತಪ್ಪು ವಾಕ್ಯ ಹೇಳುವುದು, ಮಕ್ಕಳು ಸರಿ ಮಾಡುವುದು. ಒಂದು ಕೂಡ ತಪ್ಪಲಿಲ್ಲ. ಅವರಿಗೆ ಹುರುಪು ಬಂತು. ಸುತ್ತ ನೋಡಿ, ಪಟೇಲರನ್ನು ಕಂಡು, ತಾವೇ ಎದ್ದು ಬೋರ್ಡಿನ ಮೇಲೆ ಬರೆದರು: ‘ದಿ ಪಟೇಲ್ ಆರ್ ಸಿಟಿಂಗ್ ಆನ್ ದಿ ಚೇರ್.’

“ಇದನ್ನ ಮೇಷ್ಟ್ರೇ ಸರಿ ಮಾಡಿ ತೋರಿಸಲಿ,” ಎಂದರು.

ಪಟೇಲರು ಮೀಸೆಯ ಮೇಲೆ ಕೈ ಇಟ್ಟರು. ಚಾಮಯ್ಯ ಒರೆಸುವ ಬಟ್ಟೆ ತೆಗೆದುಕೊಂಡು ಬೋರ್ಡಿನ ಹತ್ತಿರ ಹೋದ. ಆರ್ ಎಂಬ ಪದದ ಮೇಲೆ ಕೈ ಹೋಯಿತು, ನಿಂತಿತು. ಆಮೇಲೆ ಅದನ್ನು ಬಿಟ್ಟು ಮೊದಲಿನ ‘ದಿ ಪಟೇಲ್’ ಎಂಬುದನ್ನೇ ಒರೆಸಿ, ಆ ಜಾಗದಲ್ಲಿ ‘ಯು’ ಎಂದು ಬರೆದ. ಪಟೇಲರ ಕಡೆ ತಿರುಗಿ ಕೈಮುಗಿದು ಗಟ್ಟಿಯಾಗಿ ಓದಿದ. “ಯು ಆರ್ ಸಿಟಿಂಗ್ ಆನ್ ದಿ ಚೇರ್.”

ಇನ್‌ಸ್ಪೆಕ್ಟರು ಒಂದು ಗಳಿಗೆ ಕಣ್ಣು ಪಿಳುಕಿಸಿ ಜೋರಾಗಿ ನಕ್ಕರು. “ಶಹಬ್ಬಾಸ್! ಕ್ರಿಯಾಪದ ಮುಟ್ಟದೆ ತಪ್ಪು ತಿದ್ದಿಬಿಟ್ಟಿರಲ್ಲ!” ಪಟೇಲರಿಗೆ ಆರ್ ಕೇಳಿಸಿತು. ಕೈಮುಗಿದದ್ದೂ ಕಾಣಿಸಿತು. ಅವರೂ ತಲೆದೂಗಿದರು. ಚಾಮಯ್ಯನಿಗೆ ಹೋದ ಜೀವ ಬಂದಂತಾಯಿತು. ಇನ್‌ಸ್ಪೆಕ್ಟರು ಕೋಟಿನ ಜೇಬಿನಿಂದ ಪೆನ್ನು ತೆಗೆದರು.

ಆಗಲೇ ದೊಡ್ಡಮಾದಯ್ಯ ಬಾಗಿಲಿಗೆ ಬಂದ. ಇನ್‌ಸ್ಪೆಕ್ಟರಿಗೆಂದು ಪಟೇಲರು ತೋಟದಿಂದ ಎಳನೀರು ತರಿಸಿದ್ದರು. ಹೆಗಲ ಮೇಲೆ ಗೊನೆ, ಮೈತುಂಬ ಬೆವರು. ಹೊಸಿಲ ಹೊರಗೆ ನಿಂತು ಗೊನೆ ಇಳಿಸಲು ಬಗ್ಗಿದವನಿಗೆ ಮಂಡಿ ಕೈಕೊಟ್ಟಿತು. ಗೊನೆಯ ಸಮೇತ ಗೋಡೆಗೆ ಒರಗಿಕೊಂಡ. ಚಾಮಯ್ಯನ ಕಾಲು ತಾನಾಗಿ ಎರಡು ಹೆಜ್ಜೆ ಬಾಗಿಲ ಕಡೆಗೆ ಹೋಯಿತು.

“ನೀನು ನಿಲ್ಲೋ, ಅವನು ಇಕ್ಕತಾನೆ,” ಎಂದರು ಪಟೇಲರು. “ಲೇ ಮಾದ, ಮೆತ್ತಗೆ ಇಕ್ಕಲಾ! ಒಡೆದಾಕೀಯ.”

ಚಾಮಯ್ಯನ ಮುಖ ಕಂಡು ಇನ್‌ಸ್ಪೆಕ್ಟರು ಪೆನ್ನು ಎತ್ತಿಕೊಂಡೇ ಕೇಳಿದರು, “ಹೂ ಈಸ್ ಹಿ, ಮಾಸ್ಟರ್?”

ಪಟೇಲರಿಗೆ ಇಂಗ್ಲಿಷ್ ಬಾರದಿದ್ದರೂ ಪ್ರಶ್ನೆಯ ದಿಕ್ಕು ತಿಳಿಯಿತು. “ಅವನಾ? ನಮ್ಮಾಳು ಸ್ವಾಮಿ. ಮಾದ ಅಂತ ಅವನ ಹೆಸರು,” ಎಂದು ತಾವೇ ಉತ್ತರ ಕೊಟ್ಟರು.

ಆ ಊರಿನಲ್ಲಿ ಎಲ್ಲೂ ಬರೆದಿಡದ ಒಂದು ವ್ಯಾಕರಣವಿತ್ತು. ಪಟೇಲರ ಮುಂದೆ ಆಳುಮಕ್ಕಳು ತಮ್ಮ ಹೆತ್ತವರನ್ನೂ ಅವನು, ಅವಳು ಎಂದೇ ಹೇಳಬೇಕು. ಚಾಮಯ್ಯ ಹುಟ್ಟಿದಂದಿನಿಂದ ಹಾಗೇ ಹೇಳಿದ್ದ. ಇಂಗ್ಲಿಷಿನಲ್ಲಂತೂ ಬೇರೆ ದಾರಿಯೇ ಇಲ್ಲ. ಉತ್ತರ ಎರಡು ಪದದಲ್ಲಿತ್ತು. ಹಿ ಈಸ್. ಅದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಗೋಡೆಗೆ ಒರಗಿದ ಮುದುಕನನ್ನು ನೋಡುತ್ತ ಅದನ್ನು ಹೊರಗೆ ಬಿಡಲು ಅವನಿಂದ ಆಗಲಿಲ್ಲ.

“ದೇ ಆರ್ ಮೈ ಫಾದರ್, ಸರ್,” ಎಂದ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್‌ಸ್ಪೆಕ್ಟರ ಹುಬ್ಬು ಗಂಟಿಕ್ಕಿತು. “ಏನಂದಿರಿ? ಇನ್ನೊಂದು ಸಲ ಹೇಳಿ.”

“ದೇ ಆರ್ ಮೈ ಫಾದರ್.”

ಈಗ ಇಡೀ ತರಗತಿಯ ಕೈಗಳು ಮೇಲೆದ್ದವು. ಮೇಷ್ಟ್ರು ಕಲಿಸಿದ್ದನ್ನು ಮೇಷ್ಟ್ರಿಗೇ ತೋರಿಸುವ ಸಡಗರ ಅವಕ್ಕೆ. “ಹಿ ಈಸ್ ಸಾರ್! ಹಿ ಈಸ್!” ಎಂದು ಒಂದರ ಮೇಲೊಂದು ಕೂಗಿದವು. ಸಿದ್ದಲಿಂಗಮ್ಮ ಬೆಂಚಿನ ಮೇಲೇ ಎದ್ದು ನಿಂತಿದ್ದಳು. ಎಷ್ಟು ಚೆನ್ನಾಗಿ ಕಲಿತಿದ್ದವು ಆ ಮಕ್ಕಳು! ಚಾಮಯ್ಯನಿಗೆ ಹೆಮ್ಮೆಯೂ ಆಯಿತು, ನೋವೂ ಆಯಿತು.

ಪಟೇಲರಿಗೆ ಆ ಭಾಷೆಯಲ್ಲಿ ಬರುತ್ತಿದ್ದದ್ದು ಎರಡೇ ಪದ. ಆ ಎರಡರಲ್ಲಿ ಯಾವುದು ತಮ್ಮ ಆಳಿಗೆ ಬಿತ್ತು ಎಂಬುದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಅದೂ ಎದುರಿಗಲ್ಲ, ಹಿಂದೆ. ಅವರ ಮುಖ ಕಪ್ಪಿಟ್ಟಿತು.

ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಸೀಮೆಸುಣ್ಣ ಎತ್ತಿ ಚಾಮಯ್ಯನ ಕೈಗೆ ಕೊಟ್ಟು, “ಗಾಬರಿಯಾಗಿರಬೇಕು. ಬರೆದು ಸರಿ ಮಾಡಿಬಿಡಿ, ಮುಗಿಯಿತು,” ಎಂದು ಮೆಲ್ಲಗೆ ಹೇಳಿದರು. ಅವರ ಪೆನ್ನು ಇನ್ನೂ ಕಾಯುತ್ತಿತ್ತು. ಚಾಮಯ್ಯ ಬೋರ್ಡನ್ನು ನೋಡಿದ, ಪಟೇಲರನ್ನು ನೋಡಿದ. ಎರಡು ಪದ ಬರೆದರೆ ಕೆಲಸ ಖಾಯಂ, ಅಪ್ಪನ ಹೆಗಲಿನಿಂದ ಗುದ್ದಲಿ ಇಳಿಯುತ್ತದೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟ.

“ವ್ಯಾಕರಣ ನನಗೆ ಗೊತ್ತಿದೆ ಸ್ವಾಮಿ. ಅದು ತಪ್ಪು ಅಂತಲೂ ಗೊತ್ತಿದೆ. ಅದು ಹಾಗೇ ಇರಲಿ.”

ಇನ್‌ಸ್ಪೆಕ್ಟರು ಅವನನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ಏನೋ ಕೇಳಲು ಹೊರಟು, ಪಟೇಲರ ಮುಖ ನೋಡಿ ಸುಮ್ಮನಾದರು. ಮಕ್ಕಳು ಚೆನ್ನಾಗಿ ಕಲಿತಿದ್ದಾರೆ, ಮೇಷ್ಟ್ರ ವ್ಯಾಕರಣ ಸಾಲದು ಎಂದು ಬರೆದು, ಎಳನೀರು ಕುಡಿದು, ಹುಣಸೂರಿನ ಜಟಕಾ ಹತ್ತಿದರು. ಪಟೇಲರು ಚಾಮಯ್ಯನ ಕಡೆ ತಿರುಗಿಯೂ ನೋಡದೆ ಹೋದರು. ಹೋಗುವಾಗ ಹೊಸಿಲ ಹತ್ತಿರ ನಿಂತು, “ನಾಳೆಯಿಂದ ಅಪ್ಪ ಮಗ ಇಬ್ರೂ ಬನ್ರಿ ಹೊಲಕ್ಕೆ,” ಎಂದರು. ಬನ್ರಿ ಎಂಬುದನ್ನು ಬೇಕೆಂದೇ ಎಳೆದು ಹೇಳಿದರು.

ಮಕ್ಕಳು ಹೋದ ಮೇಲೆ ಚಾಮಯ್ಯ ಬಾಗಿಲು ಎಳೆದುಕೊಂಡು ಹೊರಗೆ ಬಂದ. ನಾಳೆ ಏನು, ನಾಡಿದ್ದು ಏನು, ಅಪ್ಪನಿಗೆ ಹೇಗೆ ಹೇಳುವುದು? ಅಪ್ಪ ಗೋಡೆಯ ನೆರಳಲ್ಲಿ ಕಾಯುತ್ತಿದ್ದ. ಇಬ್ಬರೂ ಕೆರೆ ಏರಿಯ ಮೇಲೆ ನಡೆದರು. ದಾರಿ ಕಿರಿದು, ದೊಡ್ಡಮಾದಯ್ಯ ಮುಂದೆ ಕುಂಟುತ್ತ, ಚಾಮಯ್ಯ ಹಿಂದೆ.

“ಅದೇನ್ಲಾ ತಪ್ಪು ಮಾಡ್ದೆ?” ದೊಡ್ಡಮಾದಯ್ಯ ಕೇಳಿದ. “ಐಕ್ಳು ಅಂಗೆ ಕೂಗ್ಕತಿದ್ವಲ್ಲ. ಕೆಲಸ ಓಯ್ತಾ?”

“ಓಯ್ತು ಕಣಪ್ಪ.”

“ನಾನು ಗೊನೆ ತಂದಿದ್ದಕ್ಕಾ? ನಾನು ಅಡ್ಡ ಬಂದೆ ಅಂತ್ಲಾ?”

ಅಪ್ಪನಿಗೆ ಅಳು ಕಾಣಿಸಬಾರದೆಂದು ಚಾಮಯ್ಯ ಮುಖವನ್ನು ಕೆರೆಯ ಕಡೆ ತಿರುಗಿಸಿಕೊಂಡ.

“ಇಲ್ಲಪ್ಪ, ನಿಮ್ಮಿಂದ ಏನೂ ಆಗಿಲ್ಲ,” ಎಂದ. “ನೀವು ಮೆತ್ತಗೆ ನಡೀರಿ. ಕಲ್ಲೈತೆ, ಕಾಲು ನೋಡ್ಕೊಳಿ.”

ದೊಡ್ಡಮಾದಯ್ಯನವರು ತಟ್ಟನೆ ನಿಂತುಬಿಟ್ಟರು. ಹೆಗಲ ಮೇಲಿನ ಟವಲನ್ನು ಅವಸರವಾಗಿ ಕೆಳಗಿಳಿಸಿ, ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಮಗನ ಹಿಂದೆ ಯಾವ ದೊಡ್ಡವರು ಬರುತ್ತಿದ್ದಾರೋ ಎಂದು ತಿರುಗಿ ನೋಡಿದರು.